ಸೈಕಲ್ ಚೈನಿನ ಎಡಬಲ

ಸೈಕಲ್ ತಳ್ಳಿಕೊಂಡು ನಡೆಯುವವರನ್ನು ಒಮ್ಮೆ ನಿಂತು ಗಮನಿಸಬೇಕು. ಬೆಂಗಳೂರಿನ ಹೊಸಕೆರೆಹಳ್ಳಿಯ ಏರಿನಲ್ಲಿ ಬೆಳಗಿನ ಪೇಪರ್ ಹಾಕುವ ಹುಡುಗ, ಹೂವಿನ ಬುಟ್ಟಿ ಕಟ್ಟಿಕೊಂಡು ಬರುವವರು, ಹ್ಯಾಂಡಲ್ಲಿಗೆ ಊಟದ ಡಬ್ಬಿ ನೇತುಹಾಕಿಕೊಂಡು ಕಟ್ಟಡದ ಕೆಲಸಕ್ಕೆ ಹೊರಟವರು, ಎಲ್ಲರೂ ಸೈಕಲ್ಲಿನ ಎಡಮಗ್ಗುಲಿಗೇ ಇರುತ್ತಾರೆ. ಹತ್ತುವುದು ಎಡದಿಂದ, ಇಳಿಯುವುದು ಎಡಕ್ಕೆ, ಸೈಡ್ ಸ್ಟ್ಯಾಂಡ್ ಇರುವುದೂ ಎಡಕ್ಕೆ. ಎಣ್ಣೆ ಮಸಿ ಮೆತ್ತಿದ ಚೈನು ಮಾತ್ರ ಆಚೆ ಬದಿ, ಬಲಕ್ಕೆ. ಪಂಚೆಯ ಅಂಚಿಗಾಗಲಿ ಸೀರೆಯ ನೆರಿಗೆಗಾಗಲಿ ಅದು ತಾಗುವುದಿಲ್ಲ.

ಇದು ಎಷ್ಟು ಸಹಜವಾಗಿ ಒಗ್ಗಿಹೋಗಿದೆ ಎಂದರೆ, ಚೈನು ಬಲಕ್ಕೇ ಏಕೆ ಎಂಬ ಪ್ರಶ್ನೆ ಯಾರಿಗೂ ಏಳುವುದಿಲ್ಲ. ಆದರೆ ಜಗತ್ತಿನ ಕೆಲವೆಡೆ ಕೆಲವರು ಅದನ್ನು ಎಡಕ್ಕೆ ಹಾಕಿದ್ದಾರೆ. ಫ್ರೀವೀಲ್ ಇಲ್ಲದ, ಚಕ್ರ ತಿರುಗಿದಷ್ಟೂ ಪೆಡಲ್ ತಿರುಗಲೇಬೇಕಾದ ಫಿಕ್ಸೆಡ್ ಗೇರ್ ಸೈಕಲ್ಲಿಗೆ ಹಾಗೆ ಮಾಡಿ ಒಲಿಂಪಿಕ್ಸಿಗೂ ಒಯ್ದಿದ್ದಾರೆ. ಒಂದು ಚೈನನ್ನು ಆ ಬದಿಯಿಂದ ಈ ಬದಿಗೆ ತರಲು ಎಷ್ಟೆಲ್ಲ ಬದಲಾಗಬೇಕಾಯಿತು ಎಂದು ನೋಡಿದರೆ, ಸೈಕಲ್ಲಿನ ಇನ್ನೂರು ವರ್ಷಗಳ ಚರಿತ್ರೆಯೇ ಬಿಚ್ಚಿಕೊಳ್ಳುತ್ತದೆ.

ಮೊದಲ ಸೈಕಲ್ಲುಗಳಿಗೆ ಚೈನೇ ಇರಲಿಲ್ಲ. 1817ರಲ್ಲಿ ಜರ್ಮನಿಯ ಕಾರ್ಲ್ ಫಾನ್ ಡ್ರೈಸ್ ಮಾಡಿದ ಮರದ ಗಾಡಿಗೆ ಪೆಡಲೂ ಇರಲಿಲ್ಲ. ನೆಲವನ್ನು ಕಾಲಿನಿಂದ ಒದ್ದು ಮುಂದೆ ಸಾಗಬೇಕಿತ್ತು. 1860ರ ದಶಕದಲ್ಲಿ ಫ್ರಾನ್ಸಿನಲ್ಲಿ ಮುಂದಿನ ಚಕ್ರಕ್ಕೇ ಪೆಡಲ್ ಬಂತು. ಒಂದು ಸುತ್ತು ತುಳಿದರೆ ಚಕ್ರವೂ ಒಂದೇ ಸುತ್ತು ತಿರುಗುವುದರಿಂದ, ವೇಗ ಬೇಕೆಂದವರು ಚಕ್ರವನ್ನೇ ದೊಡ್ಡದು ಮಾಡುತ್ತ ಹೋದರು. ಹೀಗೆ ಹುಟ್ಟಿದ್ದು ಮುಂದೆ ಆಳೆತ್ತರದ ಚಕ್ರ, ಹಿಂದೆ ಪುಟ್ಟ ಚಕ್ರದ ಸೈಕಲ್. ಅದನ್ನು ಹತ್ತಲು ಹಿಂದಿನಿಂದ ಓಡಿಬಂದು, ಬೆನ್ನೆಲುಬಿನಂಥ ಕೊಳವೆಯ ಮೇಲಿದ್ದ ಸಣ್ಣ ಮೆಟ್ಟಿಲಿಗೆ ಕಾಲಿಡಬೇಕಿತ್ತು. ಆ ಮೆಟ್ಟಿಲು ಸಾಮಾನ್ಯವಾಗಿ ಎಡಗಡೆ ಇರುತ್ತಿತ್ತು.

ಎಡಗಡೆಯೇ ಏಕೆ? ಕುದುರೆಯ ಕಾಲದಿಂದ ಬಂದ ಅಭ್ಯಾಸ ಎಂಬುದು ಸಾಮಾನ್ಯವಾಗಿ ಕೊಡುವ ಕಾರಣ. ಬಲಗೈಯಲ್ಲಿ ಕತ್ತಿ ಹಿರಿಯುವ ಸವಾರನ ಒರೆ ಎಡಸೊಂಟದಲ್ಲಿ ತೂಗುತ್ತದೆ. ಬಲಗಡೆಯಿಂದ ಹತ್ತಹೋದರೆ ಕತ್ತಿ ಕಾಲಿಗೆ ತೊಡರುತ್ತದೆ. ಆದ್ದರಿಂದ ಎಡದಿಂದ ಹತ್ತಿ ಬಲಗಾಲನ್ನು ಆಚೆಗೆ ಹಾಕುವುದು ರೂಢಿಯಾಯಿತು. ಕತ್ತಿ ಹೋಯಿತು, ಕುದುರೆಯೂ ಹೋಯಿತು. ಕಾಲಿನ ಅಭ್ಯಾಸ ಉಳಿಯಿತು.

ಚೈನು ಬಂದದ್ದು ಆಮೇಲೆ. 1879ರಲ್ಲಿ ಇಂಗ್ಲೆಂಡಿನ ಹೆನ್ರಿ ಲಾಸನ್ ಹಿಂದಿನ ಚಕ್ರವನ್ನು ಚೈನಿನಿಂದ ತಿರುಗಿಸುವ ಸೈಕಲ್ ತಂದರು. ಮರುವರ್ಷ, 1880ರಲ್ಲಿ, ಮ್ಯಾಂಚೆಸ್ಟರಿನಲ್ಲಿ ನೆಲೆಸಿದ್ದ ಸ್ವಿಸ್ ಮೂಲದ ಹ್ಯಾನ್ಸ್ ರೆನಾಲ್ಡ್ ಬುಷ್ ಇರುವ ರೋಲರ್ ಚೈನ್ ರೂಪಿಸಿದರು. ಇಂದಿಗೂ ನಮ್ಮ ಸೈಕಲ್ಲುಗಳಲ್ಲಿ ಓಡುತ್ತಿರುವುದು ಅದೇ ವಂಶದ ಚೈನು. 1885ರಲ್ಲಿ ಕೊವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ರೋವರ್ ಎಂಬ ಸೈಕಲ್ ಹೊರತಂದರು. ಹೆಚ್ಚು ಕಡಿಮೆ ಸಮನಾದ ಎರಡು ಚಕ್ರ, ನಡುವೆ ಪೆಡಲ್, ಹಿಂದಿನ ಚಕ್ರಕ್ಕೆ ಚೈನು: ಇಂದಿನ ಸೈಕಲ್ಲಿನ ಮೂಲರೂಪ ಅದು. ಅದರ ಚೈನು ಬಲಕ್ಕಿತ್ತು. ಎಡದಿಂದ ಹತ್ತುವವನ ಬಟ್ಟೆಯಿಂದ ದೂರ ಇರುವ ಬದಿ ಅದೇ.

ಬಟ್ಟೆಯ ಕಾರಣ ಕಣ್ಣಿಗೆ ಕಾಣುವಂಥದ್ದು. ಆದರೆ ಚೈನನ್ನು ಬಲಕ್ಕೆ ಕಟ್ಟಿಹಾಕಿದ ಇನ್ನೂ ಗಟ್ಟಿಯಾದ ಕಾರಣ ಕಣ್ಣಿಗೆ ಬೀಳದ ಜಾಗದಲ್ಲಿದೆ. ಅದು ಇರುವುದು ಸೈಕಲ್ ಅಂಗಡಿಯವರು ತ್ರೆಡ್ ಎನ್ನುವ, ಹಳಬರು ಮರೆ ಎನ್ನುವ ಸುರುಳಿಗೆರೆಗಳಲ್ಲಿ.

ಶ್ರೀರಂಗಪಟ್ಟಣದ ಬಳಿ ಕಾವೇರಿಯ ದಡದಲ್ಲಿ ಬಲಮುರಿ, ಎಡಮುರಿ ಎಂದು ಎರಡು ಜಾಗಗಳಿವೆ. ಶಂಖದಲ್ಲೂ ಬಲಮುರಿ ಉಂಟು. ಸೊಂಡಿಲು ಬಲಕ್ಕೆ ತಿರುಗಿದ ಗಣಪತಿಯೂ ಬಲಮುರಿಯೇ. ಸುರುಳಿಯ ದಿಕ್ಕು ಹೇಳಲು ಕನ್ನಡದಲ್ಲಿ ಇಷ್ಟು ಚೊಕ್ಕ ಪದಗಳಿರುವಾಗ ಬೋಲ್ಟು ನಟ್ಟುಗಳಿಗೂ ಅವನ್ನೇ ಬಳಸಬಹುದು. ಪ್ರದಕ್ಷಿಣೆಯ ದಿಕ್ಕಿಗೆ, ಅಂದರೆ ಗಡಿಯಾರದ ಮುಳ್ಳಿನಂತೆ ತಿರುಗಿಸಿದರೆ ಬಿಗಿಯಾಗುವುದು ಬಲಮುರಿ ಮರೆ. ಅಪ್ರದಕ್ಷಿಣೆಯಾಗಿ ತಿರುಗಿಸಿದರೆ ಬಿಗಿಯಾಗುವುದು ಎಡಮುರಿ. ಅಂಗಡಿಯ ಭಾಷೆಯಲ್ಲಿ ಉಲ್ಟಾ ತ್ರೆಡ್. ಜಗತ್ತಿನ ಬಹುಪಾಲು ತಿರುಪುಗಳು ಬಲಮುರಿ.

ಈಗ ಸೈಕಲ್ಲಿನ ಬಲಗಡೆ ಕುಳಿತು, ಅದು ಮುಂದೆ ಚಲಿಸುವಾಗ ಹಿಂದಿನ ಚಕ್ರವನ್ನು ನೋಡಿ. ಅದು ಪ್ರದಕ್ಷಿಣೆಯಾಗಿ ತಿರುಗುತ್ತದೆ. ಚೈನು ಹಲ್ಲುಚಕ್ರವನ್ನು ಎಳೆಯುವುದೂ ಅದೇ ದಿಕ್ಕಿಗೆ. ಚಕ್ರದ ನಡುವಿನ ಹಬ್ಬಿನ (ಗುಂಬದ) ಮೇಲೆ ಹಲ್ಲುಚಕ್ರವನ್ನು ಸಾಮಾನ್ಯ ಬಲಮುರಿ ಮರೆಯಲ್ಲಿ ಕೂಡಿಸಿದರೆ, ಸವಾರ ತುಳಿದಷ್ಟೂ ಅದು ತಾನಾಗಿ ಬಿಗಿಯಾಗುತ್ತ ಹೋಗುತ್ತದೆ. ಬೇರೆ ಬೀಗ ಬೇಡ, ಪಿನ್ನು ಬೇಡ. ಅದೇ ಹಲ್ಲುಚಕ್ರ ಎಡಕ್ಕಿದ್ದರೆ? ಎಡದಿಂದ ನೋಡುವವರಿಗೆ ಚಕ್ರ ತಿರುಗುವುದು ಅಪ್ರದಕ್ಷಿಣೆಯಾಗಿ. ಬಲಮುರಿ ಮರೆಯಲ್ಲಿ ಕೂತ ಹಲ್ಲುಚಕ್ರ ಪ್ರತಿ ತುಳಿತಕ್ಕೂ ಸಡಿಲವಾಗುತ್ತದೆ. ಎಡಕ್ಕೆ ಚೈನು ಬೇಕೆಂದರೆ ಹಬ್ಬಿಗೂ ಹಲ್ಲುಚಕ್ರಕ್ಕೂ ಎಡಮುರಿ ಮರೆಯನ್ನೇ ಕಡೆಯಬೇಕು. ಸಾವಿರಾರು ಸೈಕಲ್ ಮಾಡುವ ಕಾರ್ಖಾನೆ, ಕೈಗೆಟಕುವ ಮಾಮೂಲಿ ಉಪಕರಣ ಬಿಟ್ಟು ಆ ಉಸಾಬರಿಗೆ ಹೋಗಲು ಕಾರಣವೇ ಇರಲಿಲ್ಲ.

ಹಾಗೆಂದು ಸೈಕಲ್ಲಿನಲ್ಲಿ ಎಡಮುರಿ ಇಲ್ಲವೇ ಇಲ್ಲ ಎಂದಲ್ಲ. ಎಡ ಪೆಡಲಿನ ಮರೆ ಎಡಮುರಿ. ಪೆಡಲ್ ಬಿಚ್ಚಲು ಹೋಗಿ, ಗೊತ್ತಿಲ್ಲದೆ ಇನ್ನಷ್ಟು ಬಿಗಿ ಮಾಡಿ ಬೆರಳು ತರಚಿಕೊಂಡವರಿಗೆ ಅದು ಮರೆಯುವುದಿಲ್ಲ. ಇದಕ್ಕೆ ಕಾರಣ ತಿಳಿಯಲು ಒಂದು ಪೆನ್ಸಿಲ್ ಸಾಕು. ಒಂದು ತುದಿಯನ್ನು ಮುಷ್ಟಿಯಲ್ಲಿ ಸಡಿಲವಾಗಿ ಹಿಡಿದು, ಇನ್ನೊಂದು ತುದಿಯನ್ನು ವೃತ್ತಾಕಾರವಾಗಿ ಸುತ್ತಿಸಿದರೆ, ಪೆನ್ಸಿಲ್ ಮುಷ್ಟಿಯೊಳಗೆ ಅದರ ವಿರುದ್ಧ ದಿಕ್ಕಿಗೆ ನಿಧಾನವಾಗಿ ಉರುಳುತ್ತದೆ. ಪೆಡಲಿನ ಕಡ್ಡಿಯೂ, ಪೆಡಲನ್ನು ಹೊರುವ ತೋಳಾದ ಕ್ರ್ಯಾಂಕಿನ ತೂತಿನಲ್ಲಿ ಹೀಗೆಯೇ ಕೂದಲೆಳೆಯಷ್ಟು ಉರುಳುತ್ತದೆ. ಬಲಗಡೆ ಆ ಉರುಳಾಟ ಬಲಮುರಿಯನ್ನು ಬಿಗಿ ಮಾಡಿದರೆ, ಎಡಗಡೆ ಎಡಮುರಿಯನ್ನು ಬಿಗಿ ಮಾಡುತ್ತದೆ. ವಿಮಾನ ಹಾರಿಸುವ ಮುಂಚೆ ಅಮೆರಿಕದ ಡೇಟನ್ನಿನಲ್ಲಿ ಸೈಕಲ್ ಅಂಗಡಿ ನಡೆಸುತ್ತಿದ್ದ ರೈಟ್ ಸಹೋದರರ ಹೆಸರಿಗೆ ಈ ಎಡಮುರಿ ಪೆಡಲನ್ನು ಸೇರಿಸಿ ಹೇಳುವುದುಂಟು. ಕ್ರ್ಯಾಂಕಿನ ಅಚ್ಚು ಕೂರುವ ಕೊಳವೆಯ ಬಲಗಡೆಯ ಬಟ್ಟಲಿನ (ಕಪ್) ಮರೆ ಕೂಡ ಇಂಗ್ಲಿಷ್ ಮಾದರಿಯಲ್ಲಿ ಎಡಮುರಿಯೇ.

ಮೂರನೆಯ ಎಡಮುರಿ ಸಿಗುವುದು ಫಿಕ್ಸೆಡ್ ಗೇರ್ ಸೈಕಲ್ಲಿನಲ್ಲಿ ಮಾತ್ರ.

ಮೊದಮೊದಲು ಎಲ್ಲ ಸೈಕಲ್ಲೂ ಫಿಕ್ಸೆಡ್ ಆಗಿದ್ದವು. ಇಳಿಜಾರಿನಲ್ಲಿ ಕಾಲು ಎತ್ತಿ ಹಾಯಾಗಿ ಕೂರುವಂತಿರಲಿಲ್ಲ. ಚಕ್ರ ಓಡಿದಷ್ಟೂ ಪೆಡಲ್ ಓಡುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಫ್ರೀವೀಲ್ ಬಳಕೆಗೆ ಬಂತು. ಅಲ್ಲಿಂದ ಮುಂದೆ ಕಾಲು ನಿಲ್ಲಿಸಿದರೂ ಟಿಕ್ ಟಿಕ್ ಎಂದು ಚಕ್ರ ಓಡುವ ಸುಖ ಜನರಿಗೆ ದೊರೆಯಿತು. ಫಿಕ್ಸೆಡ್ ಉಳಿದದ್ದು ಮುಖ್ಯವಾಗಿ ಪಂದ್ಯದ ಟ್ರ್ಯಾಕಿನಲ್ಲಿ. ಫಿಕ್ಸೆಡ್ ಸೈಕಲ್ಲಿನಲ್ಲಿ ಪೆಡಲನ್ನು ಹಿಂದಕ್ಕೆ ಒತ್ತಿ ವೇಗ ತಗ್ಗಿಸಬಹುದು. ಹಾಗೆ ಒತ್ತಿದಾಗ ಬಲಮುರಿಯ ಹಲ್ಲುಚಕ್ರ ಕಳಚಿಕೊಳ್ಳುವ ಅಪಾಯವಿದೆ. ಅದಕ್ಕೇ ಅದರ ಹೊರಗೆ, ತುಸು ಕಿರಿದಾದ ವ್ಯಾಸದಲ್ಲಿ, ಎಡಮುರಿ ಮರೆಯ ಬೀಗದ ಬಳೆಯೊಂದನ್ನು ಬಿಗಿಯುತ್ತಾರೆ, ಅದು ಲಾಕ್‌ರಿಂಗ್. ಹಲ್ಲುಚಕ್ರ ಹಿಂದಕ್ಕೆ ತಿರುಗಲು ನೋಡಿದರೆ ಬಳೆ ಇನ್ನಷ್ಟು ಬಿಗಿಯಾಗಿ ಅದನ್ನು ತಡೆಯುತ್ತದೆ. ಒಂದು ಬಲಮುರಿ, ಅದರ ಬೆನ್ನಿಗೊಂದು ಎಡಮುರಿ. ಇಷ್ಟು ಸರಳವಾದ, ಇಷ್ಟು ಚೆಂದದ ಜೋಡಣೆ ಯಂತ್ರಲೋಕದಲ್ಲಿ ಅಪರೂಪ.

ಹಲ್ಲುಚಕ್ರ ಹಬ್ಬಿನ ಎರಡೂ ಬದಿಗಿದ್ದ ಕಾಲವೂ ಇತ್ತು. 1903ರಲ್ಲಿ ಶುರುವಾದ ಟೂರ್ ಡಿ ಫ್ರಾನ್ಸ್ ಸ್ಪರ್ಧೆಯಲ್ಲಿ 1937ರವರೆಗೆ ಓಡುತ್ತಲೇ ಗೇರ್ ಬದಲಿಸುವ ಡೀರೈಲರ್ ಬಳಸಲು ಅನುಮತಿ ಇರಲಿಲ್ಲ. ಬೆಟ್ಟದ ಬುಡಕ್ಕೆ ಬಂದ ಸವಾರ ಇಳಿದು, ಹಿಂದಿನ ಚಕ್ರ ಬಿಚ್ಚಿ, ತಿರುವಿ ಹಾಕುತ್ತಿದ್ದ. ಒಂದು ಬದಿ ಏರಿಗೆ, ಇನ್ನೊಂದು ಬದಿ ಸಮತಟ್ಟಿಗೆ. ಫಿಕ್ಸಿ ಎನ್ನುವ ಇಂದಿನ ಫಿಕ್ಸೆಡ್ ಗೇರ್ ಸೈಕಲ್ಲುಗಳ ಎರಡು ಬದಿಯ ಹಬ್ ಅದರ ಮೊಮ್ಮಗು. ಆದರೆ ಅಲ್ಲೂ ಚಕ್ರ ತಿರುವಿದ ಮೇಲೆ ಚೈನು ಕೂರುತ್ತಿದ್ದದ್ದು ಬಲಕ್ಕೇ.

ಭಾರತಕ್ಕೆ ಬಂದದ್ದು ಬ್ರಿಟಿಷರ ಸೈಕಲ್: ರ‍್ಯಾಲಿ, ಹರ್ಕ್ಯುಲಿಸ್, ಬಿಎಸ್‌ಎ. ಸ್ವಾತಂತ್ರ್ಯದ ನಂತರ ಇಲ್ಲೇ ಕಾರ್ಖಾನೆಗಳು ಎದ್ದವು. 1949ರಲ್ಲಿ ಮದ್ರಾಸಿನಲ್ಲಿ ಟಿಐ ಸೈಕಲ್ಸ್, 1951ರಲ್ಲಿ ಸೋನಿಪತ್‌ನಲ್ಲಿ ಅಟ್ಲಾಸ್, 1956ರಲ್ಲಿ ಲೂಧಿಯಾನದಲ್ಲಿ ಹೀರೋ. ಎಲ್ಲವೂ ಬ್ರಿಟಿಷ್ ಅಚ್ಚಿನಲ್ಲೇ ಎರಕವಾದವು. ಚೈನು ಬಲಕ್ಕೇ ಉಳಿಯಿತು. ಅದು ನಮ್ಮ ರಸ್ತೆಗೆ ಒಪ್ಪುವಂಥದ್ದೂ ಆಗಿತ್ತು. ಇಲ್ಲಿ ವಾಹನ ಸಾಗುವುದು ರಸ್ತೆಯ ಎಡಕ್ಕೆ. ಎಡದಿಂದ ಇಳಿಯುವ ಸವಾರ ಫುಟ್‌ಪಾತಿನ ಕಡೆಗೆ ಇಳಿಯುತ್ತಾನೆ. ಸಿಗ್ನಲ್ಲಿನಲ್ಲಿ ಎಡಗಾಲನ್ನು ಅದರ ಅಂಚಿಗೆ ಊರಿ ನಿಲ್ಲುತ್ತಾನೆ. ರಸ್ತೆಯ ಬಲಕ್ಕೆ ಸಾಗುವ ಅಮೆರಿಕದಲ್ಲಿ ಅದೇ ಎಡಕ್ಕೆ ಇಳಿದರೆ ಹಿಂದಿನಿಂದ ಬರುವ ಕಾರುಗಳ ಕಡೆಗೆ ಇಳಿದಂತೆ.

ಬಲಗಡೆಯ ಚೈನಿನ ಗುರುತು ಕರ್ನಾಟಕದ ಮೂರು ತಲೆಮಾರಿನ ಕಾಲಿನ ಮೇಲಿದೆ. ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುತ್ತಿದ್ದದ್ದು ದೊಡ್ಡವರ ಸೈಕಲ್. ಸೀಟು ಎಟುಕದ ಮಕ್ಕಳು ಎಡಕ್ಕೆ ನಿಂತು, ಬಾರಿನ ಕೆಳಗಿನಿಂದ ಬಲಗಾಲನ್ನು ಆಚೆಗೆ ತೂರಿಸಿ, ಅರ್ಧರ್ಧ ಸುತ್ತು ಒಳಪೆಡಲು ಹೊಡೆದು ಕಲಿತರು. ಚೈನ್‌ವೀಲು ನೇರ ಆ ಕಾಲಿಗೆ ತಾಗುತ್ತಿತ್ತು. ಮೀನಖಂಡದ ಮೇಲೆ ಸಾಲಾಗಿ ಮೂಡುವ ಹಲ್ಲಿನ ಕಪ್ಪು ಗುರುತನ್ನು ಅಮ್ಮಂದಿರು ಸೀಮೆಎಣ್ಣೆ ಹಾಕಿ ಉಜ್ಜುತ್ತಿದ್ದರು. ಪ್ಯಾಂಟು ಹಾಕುವ ವಯಸ್ಸಿಗೆ ಬಂದವರು ಬಲಗಾಲಿಗೆ ಮಾತ್ರ ಕ್ಲಿಪ್ಪು ಹಾಕುತ್ತಿದ್ದರು, ಇಲ್ಲವೇ ತುದಿಯನ್ನು ಕಾಲುಚೀಲದೊಳಗೆ ಸೇರಿಸುತ್ತಿದ್ದರು. 2006-07ರಲ್ಲಿ ರಾಜ್ಯ ಸರ್ಕಾರ 8ನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿದಾಗ ಲಕ್ಷಾಂತರ ಮಕ್ಕಳಿಗೆ ಮೊದಲ ಬಾರಿಗೆ ಸ್ವಂತದ, ತಮ್ಮ ಎತ್ತರಕ್ಕೆ ಹೊಂದುವ ಸೈಕಲ್ ಸಿಕ್ಕಿತು. ಒಳಪೆಡಲಿನ ಕಾಲ ಹಿಂದೆ ಸರಿಯಿತು.

ವಿಚಿತ್ರವೆಂದರೆ, ಅದೇ ಮನೆಯ ಮುಂದೆ ನಿಂತಿರುವ ಬೈಕಿನಲ್ಲಿ ಚೈನು ಸಾಮಾನ್ಯವಾಗಿ ಎಡಕ್ಕಿರುತ್ತದೆ. ಹೀರೋ ಸ್ಪ್ಲೆಂಡರ್ ನೋಡಿದರೆ ಸಾಕು. ಎಂಜಿನ್ನು, ಗೇರು, ಕ್ಲಚ್ಚುಗಳ ಜಾಗ ನೋಡಿಕೊಂಡು ಅಲ್ಲಿ ಬದಿ ನಿರ್ಧಾರವಾಯಿತು. ಸೀರೆಯುಟ್ಟವರು ಕಾಲು ಇಳಿಬಿಟ್ಟು ಕೂರುವುದೂ ಎಡಕ್ಕೇ ಆದ್ದರಿಂದ ಚೈನಿಗೆ ಮುಚ್ಚಳವೂ ಚಕ್ರಕ್ಕೆ ಸೀರೆ ಗಾರ್ಡೂ ಬೇಕಾದವು. ಎಡಕ್ಕೆ ಚೈನು ಅಸಾಧ್ಯವೇನಲ್ಲ. ಅದಕ್ಕೆ ತಕ್ಕ ವ್ಯವಸ್ಥೆ ಬೇಕು, ಅಷ್ಟೇ.

ಸೈಕಲ್ಲಿನಲ್ಲೂ ಆ ವ್ಯವಸ್ಥೆ ಮಾಡಿಕೊಂಡವರಿದ್ದಾರೆ. ಇಬ್ಬರು ತುಳಿಯುವ ಟ್ಯಾಂಡೆಮ್ ಸೈಕಲ್ಲಿನಲ್ಲಿ ಮುಂದಿನವರ ಮತ್ತು ಹಿಂದಿನವರ ಕ್ರ್ಯಾಂಕುಗಳನ್ನು ಜೋಡಿಸುವ ಚೈನು ಸಾಮಾನ್ಯವಾಗಿ ಎಡಕ್ಕಿರುತ್ತದೆ. ಚಕ್ರ ತಿರುಗಿಸುವ ಚೈನು ಬಲಕ್ಕೆ. ಹೀಗಾಗಿ ಎಡ ಕ್ರ್ಯಾಂಕಿಗೆ ಹಲ್ಲುಚಕ್ರವೂ ಇದ್ದು, ಪೆಡಲಿನ ಮರೆಯೂ ಸರಿಯಾಗಿ ಎಡಮುರಿಯೇ ಆಗಿರುವ ಭಾಗ ಬೇಕೆಂದವರಿಗೆ ಟ್ಯಾಂಡೆಮ್ಮೇ ಗತಿ. ಬಲ ಕ್ರ್ಯಾಂಕನ್ನೇ ಎಡಕ್ಕೆ ಹಾಕಿದರೆ ಪೆಡಲ್ ಕಳಚಿಕೊಳ್ಳುತ್ತ ಹೋಗುತ್ತದೆ. ಕಂಬಿ, ಕಟ್ಟೆಗಳ ಮೇಲೆ ಜಾರುವ ಬಿಎಂಎಕ್ಸ್ ಆಟಗಾರರಲ್ಲಿ ಬಲಬದಿಯಿಂದ ಜಾರುವವರು ಹಲ್ಲುಚಕ್ರ ಕಂಬಿಗೆ ಬಡಿಯಬಾರದೆಂದು ಅದನ್ನು ಎಡಕ್ಕೆ ಸಾಗಿಸಿದರು. ಅವರಿಗಾಗಿ ಎಡಬದಿಯ ಹಬ್ಬುಗಳೇ ಮಾರುಕಟ್ಟೆಗೆ ಬಂದವು.

ಫಿಕ್ಸೆಡ್ ಗೇರಿನ ಕಥೆ ಬೇರೆ. ಅದರ ತವರು ವೆಲೊಡ್ರೋಮ್ ಎಂಬ ಸೈಕಲ್ ಪಂದ್ಯದ ಟ್ರ್ಯಾಕು. ಒಲಿಂಪಿಕ್ಸ್ ಮಟ್ಟದಲ್ಲಿ ಅದರ ಸುತ್ತಳತೆ 250 ಮೀಟರ್. ತಿರುವುಗಳಲ್ಲಿ ಹಲಗೆಯ ಹಾಸು ಗೋಡೆಯಂತೆ 40 ಡಿಗ್ರಿಗೂ ಹೆಚ್ಚು ವಾಲಿರುತ್ತದೆ. ಸೈಕಲ್ಲಿಗೆ ಬ್ರೇಕಿಲ್ಲ, ಫ್ರೀವೀಲಿಲ್ಲ. ಬನಶಂಕರಿ ಗುಡಿಯಲ್ಲಿ ಭಕ್ತರು ಸುತ್ತುವುದು ಪ್ರದಕ್ಷಿಣೆಯಾಗಿ; ವೆಲೊಡ್ರೋಮಿನಲ್ಲಿ ಸವಾರರು ಸುತ್ತುವುದು ಅಪ್ರದಕ್ಷಿಣೆಯಾಗಿ. ಅಂದರೆ ಎಲ್ಲ ತಿರುವೂ ಎಡಕ್ಕೆ, ಒಂದೂ ಬಲಕ್ಕಿಲ್ಲ. ರಸ್ತೆಗಾಗಿ ರೂಪಿಸಿದ ಸೈಕಲ್ ಎಡಕ್ಕೂ ಬಲಕ್ಕೂ ಸಮನಾಗಿ ತಿರುಗಬೇಕು. ಎಡಕ್ಕೆ ಮಾತ್ರ ತಿರುಗುವ ಸೈಕಲ್ಲಿಗೆ ಆ ಹಂಗೇಕೆ?

ಈ ಪ್ರಶ್ನೆಯನ್ನು ಕೊನೆಯವರೆಗೂ ಬೆನ್ನಟ್ಟಿದ್ದು ಅಮೆರಿಕದ ಫೆಲ್ಟ್ ಕಂಪನಿ. 2016ರ ರಿಯೊ ಒಲಿಂಪಿಕ್ಸಿಗೆ ಅಮೆರಿಕದ ಮಹಿಳಾ ತಂಡಕ್ಕಾಗಿ ಅದು ಟಿಎ ಎಫ್‌ಆರ್‌ಡಿ ಎಂಬ ಟ್ರ್ಯಾಕ್ ಸೈಕಲ್ ತಯಾರಿಸಿತು. ಅದರ ಚೈನು, ಹಲ್ಲುಚಕ್ರ ಎಲ್ಲವೂ ಎಡಕ್ಕೆ. ಕಂಪನಿ ಕೊಟ್ಟ ಕಾರಣಗಳು ಎರಡು. ಎಡಕ್ಕೇ ತಿರುಗುತ್ತ ಓಡುವಾಗ ಗಾಳಿ ಸೈಕಲ್ಲಿಗೆ ತುಸು ಬಲಗಡೆಯಿಂದ ಬಡಿಯುತ್ತದೆ, ಆದ್ದರಿಂದ ಚೈನು ಎಡಗಡೆ ಇದ್ದರೆ ಗಾಳಿಗೆ ಸಿಗುವುದು ಕಡಿಮೆ. ಹಾಗೂ ಆ ಭಾಗಗಳ ತೂಕ ತಿರುವಿನ ಒಳಮಗ್ಗುಲಿಗೆ ಬರುತ್ತದೆ. ಇದಕ್ಕೂ ಮೊದಲು, 1992ರ ಬಾರ್ಸಿಲೋನ ಒಲಿಂಪಿಕ್ಸಿನಲ್ಲಿ ಕ್ರಿಸ್ ಬೋರ್ಡ್‌ಮನ್ ಚಿನ್ನ ಗೆದ್ದ ಲೋಟಸ್ 108 ಸೈಕಲ್ಲಿನ ಮುಂಚಕ್ರಕ್ಕೆ ಮೈಕ್ ಬರೋಸ್ ಒಂದೇ ಕಾಲಿನ ಫೋರ್ಕ್ ಕೊಟ್ಟಿದ್ದರು. ಸೈಕಲ್ಲಿನ ಎರಡು ಮಗ್ಗುಲು ಒಂದೇ ಥರ ಇರಬೇಕಿಲ್ಲ ಎಂದು ಅಂದೇ ಜಗತ್ತು ಕಂಡಿತ್ತು.

2016ರ ಆಗಸ್ಟ್ 13ರಂದು ರಿಯೊದಲ್ಲಿ, ನಾಲ್ವರು ಜೊತೆಗೂಡಿ ಓಡುವ ಮಹಿಳೆಯರ ತಂಡ ಪರ್ಸ್ಯೂಟ್ ಫೈನಲ್ ನಡೆಯಿತು. ಎಡ ಚೈನಿನ ಸೈಕಲ್ಲೇರಿದ ಸಾರಾ ಹ್ಯಾಮರ್, ಕೆಲ್ಲಿ ಕ್ಯಾಟ್ಲಿನ್, ಕ್ಲೋಯಿ ಡೈಗರ್ಟ್, ಜೆನಿಫರ್ ವ್ಯಾಲೆಂಟೆ 4 ಕಿಲೋಮೀಟರನ್ನು 4 ನಿಮಿಷ 12.454 ಸೆಕೆಂಡಿನಲ್ಲಿ ಮುಗಿಸಿದರು. ಬಲ ಚೈನಿನ ಬ್ರಿಟನ್ ತಂಡ 4 ನಿಮಿಷ 10.236 ಸೆಕೆಂಡಿನ ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದಿತು. ಎಡ ಚೈನಿಗೆ ಬೆಳ್ಳಿ. ಚೈನಿನ ಬದಿ ಎಷ್ಟು ಗಳಿಸಿಕೊಟ್ಟಿತು ಎಂಬುದನ್ನು ಆ ಎರಡು ಸೆಕೆಂಡು ಹೇಳಲಾರವು. ಸವಾರರ ಕಾಲು, ತಾಲೀಮು, ಜೊತೆಗೂಡಿ ಓಡುವ ಶಿಸ್ತು ಎಲ್ಲ ಸೇರಿದ ಲೆಕ್ಕ ಅದು. ಎಡ ಚೈನಿನ ಸೈಕಲ್ ಒಲಿಂಪಿಕ್ಸ್ ಫೈನಲ್ಲಿನ ಪೂರ್ತಿ ಒತ್ತಡವನ್ನು ತಾಳಿಕೊಂಡಿತು ಎಂಬುದಂತೂ ಅಲ್ಲಿ ಸಾಬೀತಾಯಿತು.

ಇಂಥ ಸೂಕ್ಷ್ಮಗಳನ್ನು ಪರೀಕ್ಷಿಸಲು ಮೊದಲು ಟ್ರ್ಯಾಕ್ ಇರಬೇಕು. ಭಾರತದಲ್ಲಿ 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕಾಗಿ ದೆಹಲಿಯಲ್ಲಿ ಒಳಾಂಗಣ ವೆಲೊಡ್ರೋಮ್ ಕಟ್ಟಿದರು. ಅದರ ಫಲ ದೊರೆಯಲು ಹತ್ತು ವರ್ಷವೂ ಬೇಕಾಗಲಿಲ್ಲ: 2019ರಲ್ಲಿ ಜರ್ಮನಿಯಲ್ಲಿ ನಡೆದ ಕಿರಿಯರ ವಿಶ್ವ ಚಾಂಪಿಯನ್‌ಷಿಪ್‌ನ ತಂಡ ಸ್ಪ್ರಿಂಟಿನಲ್ಲಿ ಭಾರತದ ಹುಡುಗರು ಚಿನ್ನ ಗೆದ್ದರು. ಕರ್ನಾಟಕದಲ್ಲಿ ಸೈಕ್ಲಿಂಗ್ ಎಂದೊಡನೆ ನೆನಪಾಗುವುದು ಬೆಂಗಳೂರಲ್ಲ. ವಿಜಯಪುರ, ಬಾಗಲಕೋಟೆ, ಗದಗ. ಬಯಲುಸೀಮೆಯ ನೇರ ರಸ್ತೆಗಳಲ್ಲಿ, ಕ್ರೀಡಾನಿಲಯಗಳಲ್ಲಿ ಬೆಳೆದ ಆ ಮಕ್ಕಳು ರಾಷ್ಟ್ರಮಟ್ಟದಲ್ಲಿ ಪದಕ ತಂದಿದ್ದಾರೆ. ಅವರಿಗೆಂದು ವಿಜಯಪುರದ ಭೂತನಾಳದ ಬಳಿ ಕೈಗೆತ್ತಿಕೊಂಡ ವೆಲೊಡ್ರೋಮ್ ಕೆಲಸ ವರ್ಷಗಟ್ಟಲೆ ಎಳೆಯಿತು. ಟ್ರ್ಯಾಕಿನ ಸವಾರರು ಟ್ರ್ಯಾಕಿಲ್ಲದೆ ರಸ್ತೆಯಲ್ಲಿ ಅಭ್ಯಾಸ ಮಾಡಿದ ಆ ವರ್ಷಗಳನ್ನು ಯಾರೂ ಹಿಂದಿರುಗಿಸಲಾರರು.

ಇನ್ನು ನಗರದ ಮಾತು. ಸಂದೇಶ, ಕಾಗದಪತ್ರ ಮುಟ್ಟಿಸುವ ನ್ಯೂಯಾರ್ಕಿನ ಸವಾರರಿಂದ ಫ್ಯಾಷನ್ನಾಗಿ ಹಬ್ಬಿದ ಫಿಕ್ಸಿ ಬೆಂಗಳೂರಿಗೂ ಬಂದಿದೆ. ಫಿಕ್ಸೆಡ್ ಹಬ್ಬಿನ ಬದಲು ಮಾಮೂಲಿ ಫ್ರೀವೀಲನ್ನೇ ವೆಲ್ಡಿಂಗ್ ಮಾಡಿಸಿಕೊಳ್ಳುವವರೂ ಇದ್ದಾರೆ. ಅದರಲ್ಲಿ ಲಾಕ್‌ರಿಂಗಿಗೆ ಜಾಗವಿಲ್ಲ, ಹಿಂದಕ್ಕೆ ಒತ್ತಿದರೆ ಕಳಚಿಕೊಳ್ಳಬಹುದು. ಅಂಥ ಚಕ್ರವನ್ನು ತಿರುವಿ ಚೈನನ್ನು ಎಡಕ್ಕೆ ಹಾಕಿದರೆ ಮುಂದಕ್ಕೆ ತುಳಿದಾಗಲೇ ಕಳಚುತ್ತದೆ. ಎಡ ಚೈನಿಗೆ ಸರಿಯಾದ ದಾರಿ ಈ ಊರಿನಲ್ಲೇ ಇದೆ. 1953ರಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಹುಟ್ಟಿ ಲೇಥ್ ಯಂತ್ರಗಳನ್ನು ಮಾಡಿದ ಊರು ಇದು. ಲೇಥಿನ ಲೀಡ್ ಸ್ಕ್ರೂ ತಿರುಗುವ ದಿಕ್ಕನ್ನು ಗೇರಿನಿಂದ ಬದಲಿಸಿದರೆ ಬಲಮುರಿಯ ಬದಲು ಎಡಮುರಿ ಕಡೆಯಬಹುದು. ಪೀಣ್ಯ, ರಾಜಾಜಿನಗರದ ನುರಿತ ಟರ್ನರುಗಳಿಗೆ ಅದು ಗೊತ್ತಿರುವ ಕೆಲಸ. ಇನ್ನೊಂದು ದಾರಿ, ಮರೆಯ ಗೊಡವೆಯೇ ಇಲ್ಲದೆ ಡಿಸ್ಕ್ ಬ್ರೇಕಿನ ಹಬ್ಬಿಗೆ ಆರು ಬೋಲ್ಟುಗಳಿಂದ ಬಿಗಿಯುವ ಹಲ್ಲುಚಕ್ರ.

ಹೊಸಕೆರೆಹಳ್ಳಿಯ ರಿಂಗ್ ರಸ್ತೆ ವೆಲೊಡ್ರೋಮ್ ಅಲ್ಲ. ಇಲ್ಲಿ ತಿರುವುಗಳು ಎರಡೂ ಕಡೆಗಿವೆ, ಗಾಳಿ ಎಲ್ಲ ಕಡೆಯಿಂದ ಬೀಸುತ್ತದೆ, ಬಸ್ಸು ಮುಂದೆ ಬಂದು ನಿಲ್ಲುತ್ತದೆ. ಎಡ ಚೈನಿನಿಂದ ಇಲ್ಲಿ ವೇಗದ ಲಾಭವಿಲ್ಲ; ಮಾಡಿ ನೋಡುವ, ಯಂತ್ರವನ್ನು ಅರಿಯುವ ಸಂತೋಷವಿದೆ. ಆ ಸಂತೋಷಕ್ಕಾಗಿ ಕೈಹಾಕುವ ಯುವಕರಲ್ಲಿ ಕೇಳಿಕೊಳ್ಳುವುದು ಇಷ್ಟೇ: ಹಬ್ಬಿನ ಮರೆ, ಲಾಕ್‌ರಿಂಗ್, ಎರಡು ಪೆಡಲು, ಈ ನಾಲ್ಕರ ದಿಕ್ಕನ್ನು ತಿಳಿದವರ ಕೈಯಲ್ಲಿ ಪರೀಕ್ಷೆ ಮಾಡಿಸಿ. ಮುಂದಿನ ಚಕ್ರಕ್ಕೆ ಬ್ರೇಕ್ ಹಾಕಿಸದೆ ರಸ್ತೆಗಿಳಿಯಬೇಡಿ.